ಸತ್ಯ ಯಾವಾಗಲೂ ನಡುವೆ ಇರುವುದಿಲ್ಲ

ಟೀಮಿನಲ್ಲಿ ಇಬ್ಬರ ನಡುವೆ ತಕರಾರು ಬಂದಾಗ ಮ್ಯಾನೇಜರ್ ಹೇಳುವ ಮಾತು ನಿಮಗೂ ಬಾಯಿಪಾಠ ಆಗಿರಬೇಕು: "ನೋಡಿ, ಇಬ್ಬರದೂ ಸ್ವಲ್ಪ ಸರಿ ಇದೆ, ಇಬ್ಬರದೂ ಸ್ವಲ್ಪ ತಪ್ಪಿದೆ." ನಮ್ಮ ಅರಕೇರಾ ಕಡೆ ಹೊಲದ ಬದುವಿನ ಜಗಳ ಕಟ್ಟೆಗೆ ಬಂದರೂ ಹಿರಿಯರ ತೀರ್ಮಾನ ಬಹಳ ಸಲ ಇದೇ: "ಇಬ್ಬರದೂ ಖರೇನ ಐತಿ, ಅರ್ಧಕ್ಕರ್ಧ ಮಾಡ್ಕೊಂಡು ಹೋಗ್ರಿ." ಭಾಷೆ ಬೇರೆ, ನ್ಯಾಯ ಒಂದೇ. ಯಾರ ಮುಖವೂ ಸಣ್ಣದಾಗುವುದಿಲ್ಲ, ಎಲ್ಲರೂ ಎದ್ದು ಚಹಾ ಕುಡಿಯೋಕೆ ಹೋಗಬಹುದು.

ಜಗಳ ನಿಲ್ಲಿಸೋಕೆ ಇದು ಒಳ್ಳೆಯ ಉಪಾಯವೇ. ಆದರೆ ನಡೆದದ್ದೇನು ಅಂತ ತಿಳಿಯೋಕೆ? ಬದು ನಿಜವಾಗಿ ಒಬ್ಬನ ಕಡೆ ಮೂರು ಮೊಳ ಸರಿದಿದ್ದರೆ, ಅರ್ಧಕ್ಕರ್ಧ ಅನ್ನೋದು ಒಂದೂವರೆ ಮೊಳದ ಅನ್ಯಾಯ. ಅದಕ್ಕೆ ನಾವು ನಿಷ್ಪಕ್ಷಪಾತ ಅಂತ ಹೆಸರಿಟ್ಟಿರುತ್ತೇವೆ, ಅಷ್ಟೇ.

ಈ ಪ್ರಶ್ನೆಗೆ ನನಗೆ ಸಿಕ್ಕ ಅತ್ಯಂತ ಸ್ಪಷ್ಟ ಉತ್ತರ ನೀತಿಶಾಸ್ತ್ರದ ಪುಸ್ತಕದ್ದಲ್ಲ. ಪ್ರೋಟೀನ್ ಹರಳುಗಳನ್ನು ಓದುವವರ ಕೆಲಸದಿಂದ ಬಂದದ್ದು. ಸ್ವಲ್ಪ ತಾಳ್ಮೆಯಿಂದ ಬನ್ನಿ, ಲೆಕ್ಕ ಏಳನೇ ಕ್ಲಾಸಿನ ಮಟ್ಟದ್ದೇ.

ಪ್ರೋಟೀನನ್ನು ಕಣ್ಣಿಂದ ನೋಡೋಕಾಗಲ್ಲ. ಹಾಗಾಗಿ ಕೋಟ್ಯಂತರ ಪ್ರೋಟೀನ್ ಅಣುಗಳು ಶಿಸ್ತಾಗಿ ಸಾಲುಗಟ್ಟಿ ನಿಲ್ಲುವಂತೆ ಮಾಡಿ ಒಂದು ಸಣ್ಣ ಹರಳು ಬೆಳೆಸುತ್ತಾರೆ. ಅದರ ಮೇಲೆ ಎಕ್ಸ್-ರೇ ಬಿಟ್ಟರೆ ಕಿರಣ ಚದುರಿ ಸಾವಿರಾರು ಚುಕ್ಕಿಗಳು ಮೂಡುತ್ತವೆ. ಕೆಲವು ಢಾಳಾಗಿ, ಕೆಲವು ಮಂಕಾಗಿ. ಚುಕ್ಕಿಗಳ ಆ ಏರಿಳಿತದಿಂದ ಹಿಂದಕ್ಕೆ ಲೆಕ್ಕ ಹಾಕಿ ಒಳಗಿನ ಅಣುವಿನ ಆಕಾರ ಕಂಡುಹಿಡಿಯಬೇಕು. ಇದರಲ್ಲಿ ಮೊದಲ ಹೆಜ್ಜೆಗಳಲ್ಲೊಂದು ಹರಳಿನ ಸಮಮಿತಿ ಯಾವುದು ಅಂತ ತೀರ್ಮಾನಿಸೋದು, ಅಂದರೆ ಯಾವ ಕಡೆ ತಿರುಗಿಸಿದರೂ ಮೊದಲಿನ ಹಾಗೇ ಕಾಣುತ್ತೆ ಅನ್ನೋದನ್ನು. ಎರಡು ಚುಕ್ಕಿಗಳು ಸಮಮಿತಿಯಿಂದ ಒಂದೇ ಆಗಿದ್ದರೆ ಅವೆರಡನ್ನೂ ಸೇರಿಸಿ ಸರಾಸರಿ ತೆಗೆಯಬಹುದು.

ತೊಡಕು ಶುರುವಾಗೋದು ಹರಳು ಅವಳಿಯಾದಾಗ. ಹೊರಗಿಂದ ಒಂದೇ ಹರಳು, ಅಂಚು ಚೂಪು, ಮೈ ನುಣುಪು. ಒಳಗೆ ಮಾತ್ರ ಎರಡು ದಿಕ್ಕಿಗೆ ಮುಖ ಮಾಡಿದ ತುಂಡುಗಳು ಹೊಂದಿಕೊಂಡು ಬೆಳೆದಿರುತ್ತವೆ. ಕೆಲವು ಬಗೆಯ ಅವಳಿಗಳಲ್ಲಿ ಎರಡೂ ತುಂಡುಗಳ ಜಾಲ ಕೂದಲೆಳೆಯಷ್ಟೂ ತಪ್ಪದೆ ಒಂದರ ಮೇಲೊಂದು ಕೂರುತ್ತೆ. ಆಗ ಒಂದರ ಚುಕ್ಕಿ ಇನ್ನೊಂದರ ಚುಕ್ಕಿಯ ಮೇಲೇ ಬೀಳುತ್ತೆ. ನಿಮಗೆ ಕಾಣೋದು ಎರಡರ ಮೊತ್ತ.

ಒಂದು ಉದಾಹರಣೆ ಹಾಕಿಕೊಳ್ಳೋಣ. ಒಂದು ಚುಕ್ಕಿಯ ನಿಜವಾದ ಬಲ 100, ಅದರ ಜೋಡಿಯದು 20 ಅಂತಿಟ್ಟುಕೊಳ್ಳಿ. ಅವಳಿ 70-30ರ ಪ್ರಮಾಣದಲ್ಲಿದ್ದರೆ ಮೊದಲನೆಯದು 76 ಆಗಿ, ಎರಡನೆಯದು 44 ಆಗಿ ಕಾಣುತ್ತೆ. ಎರಡು ಸಮೀಕರಣ, ಎರಡು ಅಜ್ಞಾತ. ಪ್ರಮಾಣ ಗೊತ್ತಿದ್ದರೆ ಹಿಂದಕ್ಕೆ ಬಿಡಿಸಿ 100 ಮತ್ತು 20 ಅಂತ ಹೇಳಬಹುದು, ಕಷ್ಟವೇನಿಲ್ಲ. ಪ್ರಮಾಣ 52-48ಕ್ಕೆ ಬಂದರೆ ಬಿಡಿಸುವಾಗ 0.04ರಿಂದ ಭಾಗಿಸಬೇಕಾಗುತ್ತೆ. ಅಳತೆಯಲ್ಲಿ ಒಂದು ಅಂಕದ ತಪ್ಪಿದ್ದರೂ ಉತ್ತರದಲ್ಲಿ ಅದು ಹದಿನೈದಿಪ್ಪತ್ತು ಪಟ್ಟು ಉಬ್ಬುತ್ತೆ. ಸರಿಯಾಗಿ 50-50 ಆದರೆ? ಎರಡೂ ಚುಕ್ಕಿ 60. ಈಗ ಮೂಲ 100 ಮತ್ತು 20 ಇತ್ತೋ, 110 ಮತ್ತು 10 ಇತ್ತೋ, ಅಥವಾ ನಿಜಕ್ಕೂ 60 ಮತ್ತು 60 ಇತ್ತೋ, ಈ ಜೋಡಿಯನ್ನು ಮಾತ್ರ ನೋಡಿದರೆ ಹೇಳೋಕೆ ದಾರಿಯೇ ಇಲ್ಲ. ಭಾಗಿಸಬೇಕಾದ ಸಂಖ್ಯೆ ಸೊನ್ನೆ.

ಇಲ್ಲೇ ನನ್ನನ್ನು ಹಿಡಿದು ನಿಲ್ಲಿಸಿದ ವಿಷಯ ಇರೋದು. 70-30ರ ಬೆರಕೆಯಲ್ಲೂ ಸತ್ಯ ಉಳಿದಿರುತ್ತೆ, ತೂಕ ತಪ್ಪಿದ ರೂಪದಲ್ಲಿ. ಅರ್ಧಕ್ಕರ್ಧದಲ್ಲಿ ಮಾತ್ರ ಆ ಜೋಡಿಯಿಂದ ಅದು ಅಳಿಸಿಹೋಗುತ್ತೆ. ಅಷ್ಟೇ ಅಲ್ಲ, ಎರಡೂ ಚುಕ್ಕಿ ಸಮ ಅಂತ ಕಂಡಾಗ ಸಾಫ್ಟ್‌ವೇರ್ ಏನನ್ನುತ್ತೆ ಗೊತ್ತಾ? "ಈ ಹರಳಿಗೆ ಇನ್ನೂ ಹೆಚ್ಚಿನ ಸಮಮಿತಿ ಇದೆ" ಅನ್ನುತ್ತೆ. ಅಂದರೆ ಬೆರಕೆ ಪೂರ್ತಿಯಾದಾಗ ಅದು ಗಲೀಜಾಗಿ ಕಾಣೋದಿಲ್ಲ. ಎರಡು ಮೂಲಗಳಿಗಿಂತ ಹೆಚ್ಚು ಅಂದವಾಗಿ, ಹೆಚ್ಚು ಸಮತೋಲದಲ್ಲಿ ಕಾಣುತ್ತೆ.

ಹಾಗಾದರೆ ಹಿಡಿಯೋದು ಹೇಗೆ? ಒಂದು ಕ್ಲಾಸಿನ ಅಂಕಪಟ್ಟಿ ಕಲ್ಪಿಸಿಕೊಳ್ಳಿ. ಯಾರೂ ಫೇಲಾಗಿಲ್ಲ, ಯಾರೂ ತೊಂಬತ್ತು ದಾಟಿಲ್ಲ, ಎಲ್ಲರೂ ಐವತ್ತು-ಅರವತ್ತರ ಆಸುಪಾಸು. ಅನುಭವ ಇರುವ ಮೇಷ್ಟರಿಗೆ ತಕ್ಷಣ ಅನುಮಾನ ಬರುತ್ತೆ. ಅವಳಿ ಹರಳಿನಲ್ಲೂ ಹೀಗೇ. ಒಂದರ ಮಂಕು ಚುಕ್ಕಿಯ ಮೇಲೆ ಇನ್ನೊಂದರ ಢಾಳು ಚುಕ್ಕಿ ಬಿದ್ದು ತೀರಾ ಮಂಕಾದವೂ ತೀರಾ ಢಾಳಾದವೂ ಕಮ್ಮಿಯಾಗುತ್ತವೆ. ಸಾಮಾನ್ಯ ಪ್ರೋಟೀನ್ ಹರಳಿನಲ್ಲಿ ಚುಕ್ಕಿಗಳ ಬಲದ ವರ್ಗದ ಸರಾಸರಿಯನ್ನು ಸರಾಸರಿಯ ವರ್ಗದಿಂದ ಭಾಗಿಸಿದರೆ 2ರ ಹತ್ತಿರ ಬರಬೇಕು. ಪೂರ್ಣ ಅವಳಿಯಲ್ಲಿ ಅದು 1.5ಕ್ಕೆ ಇಳಿಯುತ್ತೆ. 2003ರಲ್ಲಿ ಪಡಿಯಾ ಮತ್ತು ಯೇಟ್ಸ್ ಎಂಬಿಬ್ಬರು ಅಕ್ಕಪಕ್ಕದ ಚುಕ್ಕಿಗಳನ್ನು ಹೋಲಿಸಿ ಇದನ್ನೇ ಇನ್ನೂ ಸೂಕ್ಷ್ಮವಾಗಿ ಪತ್ತೆ ಹಚ್ಚುವ ಪರೀಕ್ಷೆ ಕೊಟ್ಟರು. ತಿರುಳು ಒಂದೇ: ಒಂದೊಂದು ಚುಕ್ಕಿಯನ್ನು ನೋಡಿದರೆ ಮೋಸ ಕಾಣೋದಿಲ್ಲ, ಒಟ್ಟು ಹರವನ್ನು ನೋಡಿದರೆ ಕಾಣುತ್ತೆ. ಯಾರೂ ಜೋರಾಗಿ ಮಾತಾಡದ, ಯಾರೂ ಪೂರ್ತಿ ಸುಮ್ಮನಿರದ, ಎಲ್ಲರೂ ಐದಕ್ಕೆ ಮೂರು ಕೊಟ್ಟ ಫೀಡ್‌ಬ್ಯಾಕ್ ಫಾರಂ ನೋಡಿದಾಗ ನಮಗೂ ಸ್ವಲ್ಪ ಅನುಮಾನ ಬರಬೇಕು.

ಪತ್ತೆ ಆದ ಮೇಲೆ ಏನು ಮಾಡ್ತಾರೆ ಅನ್ನೋದು ಇನ್ನೂ ಸ್ವಾರಸ್ಯ. ಮೊದಲ ದಾರಿ, ಬೇರೆ ಪರಿಸ್ಥಿತಿಯಲ್ಲಿ ಹೊಸ ಹರಳು ಬೆಳೆಸೋದು. ಅದಾಗದಿದ್ದರೆ, ಡೇಟಾವನ್ನು ತಿದ್ದೋಕೆ ಹೋಗೋದಿಲ್ಲ. ಬದಲು ತಮ್ಮ ಊಹೆಯ ಮಾದರಿಯನ್ನೇ ಎರಡು ದಿಕ್ಕಿಗೆ ಇಟ್ಟು, ಬೆರೆಸಿ, ಆ ಬೆರಕೆ ಕಂಡ ಡೇಟಾಗೆ ಹೊಂದುತ್ತಾ ಅಂತ ನೋಡ್ತಾರೆ. ಒಂದು ಜೋಡಿ ಚುಕ್ಕಿಯಿಂದ ಹೇಳಲಾಗದ್ದನ್ನು ಸಾವಿರಾರು ಜೋಡಿಗಳೂ, ಪ್ರೋಟೀನಿನ ರಸಾಯನಶಾಸ್ತ್ರದ ಬಗ್ಗೆ ಮೊದಲೇ ಗೊತ್ತಿರುವುದೂ ಸೇರಿ ಹೇಳಿಸುತ್ತವೆ. ಉಪ್ಪುನೀರಿನ ಸೂಕ್ಷ್ಮಜೀವಿಯೊಂದರ ಬ್ಯಾಕ್ಟೀರಿಯೋರೊಡಾಪ್ಸಿನ್ ಎಂಬ ಪ್ರೋಟೀನಿನ ಹರಳುಗಳು 1990ರ ದಶಕದ ಕೊನೆಯಲ್ಲಿ ಹೀಗೆ ಅವಳಿಗಳಾಗಿ ಕಾಡಿದ್ದವು. 1998ರಲ್ಲಿ ಅವಳಿ ಹರಳಿನಿಂದಲೇ ಅದರ ರಚನೆಯನ್ನು ಬಿಡಿಸಿ ತೋರಿಸಿದರು. ಸಾಕ್ಷಿಯ ಹೇಳಿಕೆಯನ್ನು ತಿದ್ದಬೇಡ, ನಿನ್ನ ಕಥೆಯನ್ನು ಆ ಹೇಳಿಕೆಯ ಮುಂದೆ ಪರೀಕ್ಷೆಗೆ ನಿಲ್ಲಿಸು. ನ್ಯಾಯ ಹೇಳುವವರಿಗೂ ಇದು ಕೆಟ್ಟ ಪಾಠವೇನಲ್ಲ.

ಇದರಲ್ಲೊಂದು ಮೋಸದ ಬಾಗಿಲೂ ಇದೆ. ಮಾದರಿ ಡೇಟಾಗೆ ಎಷ್ಟು ಹೊಂದುತ್ತೆ ಅಂತ ಅಳೆಯುವ ಆರ್-ಫ್ಯಾಕ್ಟರ್ ಎಂಬ ಸಂಖ್ಯೆ ಕಡಿಮೆ ಇದ್ದಷ್ಟೂ ಒಳ್ಳೆಯದು. ಪೂರ್ತಿ ಅಡ್ಡಾದಿಡ್ಡಿ ಮಾದರಿಗೂ ಸಾಮಾನ್ಯ ಹರಳಿನಲ್ಲಿ ಅದು ಸುಮಾರು 0.59 ಬರುತ್ತೆ. ಪೂರ್ಣ ಅವಳಿ ಅಂದುಕೊಂಡ ಕೂಡಲೇ ಅದೇ ಅಡ್ಡಾದಿಡ್ಡಿತನಕ್ಕೆ ಸುಮಾರು 0.4. ಅಂದರೆ "ಎರಡೂ ಬೆರೆತಿದೆ" ಅಂದುಬಿಟ್ಟರೆ ಏನೂ ಕಲಿಯದೆ ಅಂಕ ಸುಧಾರಿಸುತ್ತೆ. ಇದಕ್ಕೆ ಕಾವಲಾಗಿ 1992ರಲ್ಲಿ ಬ್ರುಂಗರ್ ಒಂದು ಪದ್ಧತಿ ತಂದರು. ಒಂದಿಷ್ಟು ಚುಕ್ಕಿಗಳನ್ನು ಪರೀಕ್ಷೆಗೆ ಅಂತ ಮೊದಲೇ ಎತ್ತಿಟ್ಟು, ಮಾದರಿ ಕಟ್ಟುವಾಗ ಅವನ್ನು ಮುಟ್ಟಬಾರದು. ಅವಳಿ ಹರಳಿನಲ್ಲಿ ಇನ್ನೊಂದು ಎಚ್ಚರ ಬೇಕು: ಜೋಡಿ ಚುಕ್ಕಿಗಳಲ್ಲಿ ಒಂದು ಅಭ್ಯಾಸದ ಕಡೆ, ಒಂದು ಪರೀಕ್ಷೆಯ ಕಡೆ ಹೋದರೆ ಪ್ರಶ್ನೆಪತ್ರಿಕೆ ಲೀಕ್ ಆದಂತೆ. ಎರಡನ್ನೂ ಒಂದೇ ಕಡೆ ಇಡಬೇಕು. ಯಾರೂ ಬೇಕಂತ ಕದ್ದಿರೋದಿಲ್ಲ, ಆದರೂ ಪರೀಕ್ಷೆ ಕೆಟ್ಟಿರುತ್ತೆ.

ಇಷ್ಟೆಲ್ಲ ದೂರದ ಮಾತಲ್ಲ. ಈ ವಿದ್ಯೆ ಬೆಂಗಳೂರಿನಲ್ಲಿ ಬೇರು ಬಿಟ್ಟ ಕಥೆಯಲ್ಲೇ ಸಮಮಿತಿಯ ಪ್ರಶ್ನೆ ಎರಡು ಸಲ ಬರುತ್ತೆ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡಿದ ಎಂ. ವಿಜಯನ್ ಆಕ್ಸ್‌ಫರ್ಡಿಗೆ ಹೋಗಿ ಡೊರೊತಿ ಹಾಡ್ಜ್‌ಕಿನ್ ಅವರ ತಂಡ ಸೇರಿದರು. ಹಾಡ್ಜ್‌ಕಿನ್ ಇನ್ಸುಲಿನ್ ಹರಳಿನ ಮೊದಲ ಎಕ್ಸ್-ರೇ ಚಿತ್ರ ತೆಗೆದದ್ದು 1930ರ ದಶಕದಲ್ಲಿ. ರಚನೆ ಬಿಡಿಸಿದ್ದು 1969ರಲ್ಲಿ, ವಿಜಯನ್ ಆ ತಂಡದಲ್ಲಿದ್ದಾಗ. ಆ ಹರಳಿನಲ್ಲಿ ಇನ್ಸುಲಿನ್ ಅಣುಗಳು ಜೋಡಿಜೋಡಿಯಾಗಿ ಕೂತಿವೆ. ಒಂದನ್ನು ಅರ್ಧ ಸುತ್ತು ತಿರುಗಿಸಿದರೆ ಇನ್ನೊಂದರ ಮೇಲೆ ಕೂರುತ್ತೆ, ಆದರೆ ಪೂರ್ತಿ ಅಲ್ಲ. ಬಿ ಸರಪಳಿಯ 25ನೇ ಸ್ಥಾನದಲ್ಲಿರುವ ಫಿನೈಲ್‌ಅಲನೈನಿನ ಪಕ್ಕದ ಗುಂಪು ಒಂದು ಅಣುವಿನಲ್ಲಿ ಒಂದು ಕಡೆ ಚಾಚಿದ್ದರೆ ಇನ್ನೊಂದರಲ್ಲಿ ಮತ್ತೊಂದು ಕಡೆ. "ಎರಡೂ ಒಂದೇ" ಅಂತ ಒತ್ತಾಯದಿಂದ ಸರಾಸರಿ ತೆಗೆದಿದ್ದರೆ, ಎರಡರಲ್ಲಿ ಯಾವ ಅಣುವಿಗೂ ಇಲ್ಲದ ಮಬ್ಬು ತೋಳೊಂದು ನಡುವೆ ಮೂಡುತ್ತಿತ್ತು.

ವಿಜಯನ್ ಬೆಂಗಳೂರಿಗೆ ವಾಪಸು ಬಂದರು. ಜಿ. ಎನ್. ರಾಮಚಂದ್ರನ್ ಕಟ್ಟಿದ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕದಲ್ಲಿ ಸಣ್ಣ ಅಣುಗಳಿಂದ ಶುರು ಮಾಡಿ ಪ್ರೋಟೀನ್‌ಗಳವರೆಗೆ ಕೆಲಸ ಬೆಳೆಸಿದರು. ಅವರ ತಂಡ ಆರಿಸಿಕೊಂಡ ಪ್ರೋಟೀನ್‌ಗಳಲ್ಲಿ ಒಂದು ಶೇಂಗಾದ್ದು. ಹೌದು, ನಮ್ಮ ರಾಯಚೂರು ಕಡೆ ರೊಟ್ಟಿಗೆ ಪುಡಿಯಾಗಿ, ಹಬ್ಬಕ್ಕೆ ಹೋಳಿಗೆಯಾಗಿ ಬರುವ ಅದೇ ಶೇಂಗಾ. ಅದರಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನ್ ಕೆಲವು ಸಕ್ಕರೆಗಳನ್ನು ಗುರುತಿಸಿ ಹಿಡಿಯುತ್ತೆ. ಅದು ನಾಲ್ಕು ಘಟಕಗಳು ಕೂಡಿ ಆದದ್ದು, ನಾಲ್ಕೂ ಒಂದೇ ಅಮೈನೋ ಆಮ್ಲಗಳ ಸಾಲು. ತದ್ರೂಪಿ ನಾಲ್ವರು ಸೇರಿದರೆ ರಂಗೋಲಿಯಂತೆ ಅಚ್ಚುಕಟ್ಟಾಗಿ, ಪ್ರತಿಯೊಬ್ಬರಿಗೂ ಒಂದೇ ಬಗೆಯ ನೆರೆಹೊರೆ ಸಿಗುವಂತೆ ನಿಲ್ಲಬೇಕು ಅನ್ನೋದು ಆಗಿನ ನಿರೀಕ್ಷೆ. ವಿಜಯನ್, ಕೆ. ಸುಗುಣ, ಎ. ಸುರೋಲಿಯಾ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ರಚನೆಯಲ್ಲಿ ಹಾಗಿರಲಿಲ್ಲ. ನಾಲ್ಕೂ ಘಟಕ ಇದ್ದವು, ನಿರೀಕ್ಷಿಸಿದ ನಾಲ್ಮಡಿ ಸಮಮಿತಿಯೂ ಇಲ್ಲ, ಮೂರು ಅಕ್ಷಗಳ ಸಮಮಿತಿಯೂ ಇಲ್ಲ. ಮುಚ್ಚಿಕೊಳ್ಳದ, ತೆರೆದ ಜೋಡಣೆ. ಹುಟ್ಟಿನಲ್ಲಿ ಒಂದೇ ಆದವು ನಿಂತ ಜಾಗದಲ್ಲಿ ಒಂದೇ ಆಗಿರಲಿಲ್ಲ.

ಇದರರ್ಥ "ಎಲ್ಲೆಲ್ಲೂ ಭೇದ ಹುಡುಕು" ಅಂತಲ್ಲ. ಆ ತಪ್ಪಿಗೂ ಈ ವಿದ್ಯೆಯಲ್ಲಿ ಹೆಸರಿದೆ. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿದ್ದ ರಿಚರ್ಡ್ ಮಾರ್ಷ್ ಇತರರು ಪ್ರಕಟಿಸಿದ ರಚನೆಗಳನ್ನು ದಶಕಗಳ ಕಾಲ ಮತ್ತೆ ಪರಿಶೀಲಿಸಿ, "ಇಲ್ಲಿ ನಿಮಗೆ ಕಾಣದ ಸಮಮಿತಿ ಇದೆ" ಅಂತ ತೋರಿಸುತ್ತಾ ಬಂದರು. ಹಾಗೆ ಸಿಕ್ಕಿಬಿದ್ದವರನ್ನು "ಮಾರ್ಷ್ ಆದರು" ಅಂತ ತಮಾಷೆ ಮಾಡುವಷ್ಟು. ಇಲ್ಲದ ಭೇದವನ್ನು ಕಂಡವರ ಲೆಕ್ಕದಲ್ಲಿ ಬರೀ ಗದ್ದಲವೇ ರಚನೆಯಾಗಿ ಕಾಣುತ್ತೆ. ಹುಟ್ಟಿನ ಮೇಲೆ ಮನುಷ್ಯರನ್ನು ಬೇರೆ ಬೇರೆ ಜಾತಿಯ ಪೆಟ್ಟಿಗೆಗಳಿಗೆ ಹಾಕುತ್ತಾ ಬಂದ ಸಮಾಜದವರಾದ ನಮಗೆ ಈ ತಪ್ಪಿನ ಪರಿಚಯ ಚೆನ್ನಾಗೇ ಇದೆ.

"ಎರಡೂ ಬೆರೆತಿದೆ" ಅನ್ನೋದು ಎಷ್ಟು ಹಿತವಾದ ಆಸರೆಯಾಗಬಹುದು ಅನ್ನೋದಕ್ಕೂ ಬೆಂಗಳೂರಲ್ಲೇ ದೊಡ್ಡ ಉದಾಹರಣೆ ಇದೆ. ಕೆಲವು ವಜ್ರಗಳು ಅತಿಗೆಂಪು ಬೆಳಕಿನ ಒಂದು ಭಾಗವನ್ನು ಹೀರುತ್ತವೆ, ಕೆಲವು ಹೀರುವುದಿಲ್ಲ. ಸಿ. ವಿ. ರಾಮನ್ 1944ರಲ್ಲಿ ಇದಕ್ಕೆ ವಿವರಣೆ ಕೊಟ್ಟರು: ವಜ್ರಕ್ಕೆ ನಾಲ್ಕು ರಚನೆಗಳಿವೆ, ಎರಡು ಹೆಚ್ಚು ಸಮಮಿತಿಯವು, ಎರಡು ಕಮ್ಮಿಯವು, ಅವು ಒಂದರೊಳಗೊಂದು ಹೆಣೆದು ಅವಳಿಗಳಾಗಿ ಬೆಳೆಯುತ್ತವೆ. ಸೊಗಸಾದ ವಿಚಾರ. ಯಾವ ವಜ್ರ ಹೇಗೆ ವರ್ತಿಸಿದರೂ ಬೆರಕೆಯ ಪ್ರಮಾಣ ಬದಲಿಸಿ ಉತ್ತರ ಕೊಡಬಹುದಿತ್ತು. ಕ್ಯಾತ್ಲೀನ್ ಲಾನ್ಸ್‌ಡೇಲ್ ಮುಂತಾದವರು ಒಪ್ಪಲಿಲ್ಲ. 1959ರಲ್ಲಿ ಕೈಸರ್ ಮತ್ತು ಬಾಂಡ್ ಆ ವಜ್ರಗಳಲ್ಲಿ ಸಾರಜನಕ ಬೆರೆತಿರೋದನ್ನು ತೋರಿಸಿದರು. ವ್ಯತ್ಯಾಸಕ್ಕೆ ಕಾರಣ ಅವಳಿತನ ಆಗಿರಲಿಲ್ಲ, ಕಲಬೆರಕೆ ಆಗಿತ್ತು.

ಹಾಗಾದರೆ ಎತ್ತ ಹೋಗೋದು? ಸಮಮಿತಿ ಇಲ್ಲದಲ್ಲಿ ಇದೆ ಅನ್ನೋದೂ ತಪ್ಪು, ಇರುವಲ್ಲಿ ಇಲ್ಲ ಅನ್ನೋದೂ ತಪ್ಪು. ಆದರೆ ಎರಡೂ ಒಂದೇ ತೂಕದ ತಪ್ಪುಗಳಲ್ಲ. ಸಮಮಿತಿಯನ್ನು ಕಮ್ಮಿ ಅಂದುಕೊಂಡು ಶುರು ಮಾಡಿದರೆ ಎರಡು ಚುಕ್ಕಿಗಳೂ ಕಡತದಲ್ಲಿ ಬೇರೆ ಬೇರೆ ಉಳಿದಿರುತ್ತವೆ. ಅವು ಒಂದೇ ಅಂತ ನಾಳೆ ಗೊತ್ತಾದರೆ ಸೇರಿಸಬಹುದು, ಇನ್ನೊಬ್ಬ ಮಾರ್ಷ್ ಬಂದು ತಿದ್ದಬಹುದು. ಹೆಚ್ಚು ಅಂದುಕೊಂಡು ಮೊದಲೇ ಸೇರಿಸಿ, ಸರಾಸರಿಯನ್ನಷ್ಟೇ ಉಳಿಸಿದರೆ ವ್ಯತ್ಯಾಸ ಹೋಯ್ತು. ಮತ್ತೆ ಕೇಳೋಕೆ ಯಾರೂ ಉಳಿದಿರೋದಿಲ್ಲ. ಅದಕ್ಕೇ ಅನುಮಾನ ಇದ್ದಾಗ ಕಡಿಮೆ ಸಮಮಿತಿಯಿಂದ, ಕೆಲವೊಮ್ಮೆ ಪಿ1 ಎಂಬ ಅತಿ ಕೆಳಗಿನ ಮೆಟ್ಟಿಲಿನಿಂದಲೇ, ಶುರು ಮಾಡೋದು ಈ ವಿದ್ಯೆಯ ಜಾಣತನ. ಒಂದೇ ಆಗಿದ್ದರೆ ಅದು ಉತ್ತರದಲ್ಲಿ ತಾನಾಗಿ ಕಾಣಬೇಕು.

ಈಗ ಹರಳು ಬಿಟ್ಟು ನಮ್ಮ ಸೀಮೆಗೆ ಬರೋಣ. ಬಹಳ ಕಾಲ ಕರ್ನಾಟಕವನ್ನು ರಾಜ್ಯದ ಸರಾಸರಿಯಲ್ಲಿ, ಹೆಚ್ಚೆಂದರೆ ಜಿಲ್ಲೆಯ ಸರಾಸರಿಯಲ್ಲಿ ನೋಡೋದು ರೂಢಿಯಾಗಿತ್ತು. ಬೆಂಗಳೂರನ್ನೂ ದೇವದುರ್ಗವನ್ನೂ ಕೂಡಿಸಿ ಭಾಗಿಸಿದರೆ ಸಿಗುವ "ಸರಾಸರಿ ಕನ್ನಡಿಗ" ಎರಡೂ ಊರಲ್ಲಿ ಇಲ್ಲ, ಇನ್ಸುಲಿನ್‌ನ ಆ ಮಬ್ಬು ತೋಳಿನ ಹಾಗೆ. ಡಿ. ಎಂ. ನಂಜುಂಡಪ್ಪ ಸಮಿತಿ ತಾಲೂಕು ತಾಲೂಕಾಗಿ ಲೆಕ್ಕ ಬಿಡಿಸಿ 2002ರಲ್ಲಿ ವರದಿ ಕೊಟ್ಟಿತು. 175 ತಾಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದವು ಅಂದಿತು. ಆ 39ರಲ್ಲಿ ದೇವದುರ್ಗವೂ ಒಂದು. ತಾಲೂಕಿನೊಳಗೂ ಬೆರಕೆ ಮುಗಿಯೋದಿಲ್ಲ. ನಾರಾಯಣಪುರ ಬಲದಂಡೆ ನಾಲೆಗೆ ನೀರು ಬಿಟ್ಟರು ಅಂದರೆ ಮೇಲ್ಭಾಗದ ಹೊಲಕ್ಕೂ ಕೊನೆ ಭಾಗದ ಹೊಲಕ್ಕೂ ಅದೇ ಅರ್ಥ ಇರೋದಿಲ್ಲ. ಕಡತದಲ್ಲಿ ಮಾತ್ರ ಒಂದೇ ಅಂಕಿ.

ಬೆಂಗಳೂರಿನ ಕೆಫೆಟೇರಿಯಾಗಳಲ್ಲಿ 371ಜೆ ಮೀಸಲಾತಿಯ ಮಾತು ಬಂದಾಗ ಕೇಳಿಬರುವ ವಾದ ಇದು: "ಒಂದೇ ಪರೀಕ್ಷೆ, ಒಂದೇ ಕಟ್-ಆಫ್. ಎಲ್ಲರನ್ನೂ ಸಮನಾಗಿ ನೋಡೋದೇ ನ್ಯಾಯ ಅಲ್ವಾ?" ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕೋದಿಲ್ಲ. ಮೀಸಲಾತಿ ಎಷ್ಟಿರಬೇಕು, ಎಲ್ಲಿಯವರೆಗೆ ಅಂತ ಯಾವ ಹರಳೂ ಹೇಳೋದಿಲ್ಲ. ಆದರೆ ಆ ವಾದದಲ್ಲಿ ಎರಡು ಬೇರೆ ಮಾತುಗಳು ಅವಳಿಗಳಂತೆ ಒಂದರ ಮೇಲೊಂದು ಕೂತಿವೆ. "ಎಲ್ಲರಿಗೂ ಸಮಾನ ಗೌರವ" ಅನ್ನೋದು ನಾವು ಪರಸ್ಪರ ಕೊಟ್ಟುಕೊಂಡ ಮಾತು. ಅದಕ್ಕೆ ಡೇಟಾ ಬೇಡ, ಅದು ಸಾಬೀತಾಗಲಿ ಅಂತ ಕಾಯಬೇಕಿಲ್ಲ. "ಎಲ್ಲರೂ ಒಂದೇ ಪರಿಸ್ಥಿತಿಯಲ್ಲಿದ್ದಾರೆ" ಅನ್ನೋದು ಅಳತೆಯ ಮಾತು. ಅದನ್ನು ಊಹಿಸಿಕೊಳ್ಳುವ ಹಾಗಿಲ್ಲ, ನೋಡಿ ಹೇಳಬೇಕು. ಮೊದಲನೆಯದನ್ನು ಒಪ್ಪಿದವರು ಎರಡನೆಯದನ್ನೂ ಒಪ್ಪಿದಂತೆ ಆಗೋದಿಲ್ಲ. ಶೇಂಗಾದ ನಾಲ್ಕು ಘಟಕಗಳಲ್ಲಿ ಯಾವುದೂ ಮೇಲಲ್ಲ, ಕೀಳಲ್ಲ. ಆದರೂ ಅವು ನಿಂತ ಜಾಗ ಬೇರೆ. ಆ ಬೇರೆತನವನ್ನು ಹೇಳಿದ್ದರಿಂದ ಯಾರಿಗೂ ಅವಮಾನ ಆಗಲಿಲ್ಲ. ಅಳತೆ ಮಾಡದೆ "ಎಲ್ಲಾ ಒಂದೇ" ಅಂದಿದ್ದರೆ ಆ ಪ್ರೋಟೀನಿನ ಬಗ್ಗೆ ಸುಳ್ಳು ಹೇಳಿದಂತೆ ಆಗುತ್ತಿತ್ತು.

ಈ ಎರಡು ಮಾತುಗಳನ್ನು ಬಿಡಿಸಿಕೊಂಡರೆ ಕಟ್ಟೆಯ ಹಿರಿಯರಿಗೂ ಆಫೀಸಿನ ಮ್ಯಾನೇಜರಿಗೂ ಕೇಳಬೇಕಾದ ಪ್ರಶ್ನೆ ಸರಳವಾಗುತ್ತೆ. ಇಬ್ಬರನ್ನೂ ಸಮಾನವಾಗಿ ಕೂರಿಸಿ, ಸಮಾನವಾಗಿ ಕೇಳಿ. ಅದು ನಿಮ್ಮ ಧರ್ಮ. ಆದರೆ ಕೇಳಿದ ಮೇಲೂ ತೀರ್ಪು ಸಮಾನವಾಗೇ ಬರಬೇಕು ಅಂತ ಮೊದಲೇ ನಿರ್ಧರಿಸಬೇಡಿ. ಬದು ಅಳೆಯೋಕೆ ಸರಪಳಿ ಇದೆ, ಯಾರು ಯಾವಾಗ ಏನು ಮಾಡಿದರು ಅಂತ ನೋಡೋಕೆ ಮೇಲ್‌ಗಳಿವೆ. ಅಳೆದ ಮೇಲೆ 70-30 ಅಂತ ಬಂದರೆ 70-30 ಅಂತಲೇ ಹೇಳೋದಕ್ಕೆ ಸ್ವಲ್ಪ ಧೈರ್ಯ ಬೇಕು, ಯಾಕಂದರೆ ಆಗ ಒಬ್ಬರ ಮುಖ ಸಣ್ಣದಾಗುತ್ತೆ.

ಅಳೆದರೂ ಬಿಡಿಸಲಾಗದ ಪ್ರಸಂಗಗಳು ಇರುತ್ತವಲ್ಲ ಅಂತ ನೀವು ಕೇಳಬಹುದು. ಇರುತ್ತವೆ. ಹರಳು ಓದುವವರು ಅದಕ್ಕೂ ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಪ್ರೋಟೀನ್ ರಚನೆಗಳ ಜಾಗತಿಕ ಭಂಡಾರಕ್ಕೆ ತಮ್ಮ ರಚನೆ ಸೇರಿಸುವಾಗ, ಹರಳು ಅವಳಿಯಾಗಿದ್ದರೆ ಯಾವ ನಿಯಮದ ಅವಳಿ, ಯಾವ ಪ್ರಮಾಣ ಅಂತ ದಾಖಲಿಸೋಕೆ ಜಾಗ ಇದೆ. ಅಲ್ಲಿ 0.5 ಅಂತ ಬರೆದವರು "ಸತ್ಯ ನಡುವೆ ಇದೆ" ಅಂತ ಹೇಳುತ್ತಿಲ್ಲ. "ಎರಡು ದನಿಗಳು ನನಗೆ ಸಮವಾಗಿ ಬೆರೆತು ಕೇಳಿಸಿದವು, ಓದುವಾಗ ಎಚ್ಚರ ಇರಲಿ" ಅಂತ ಮುಂದಿನವರಿಗೆ ಹೇಳುತ್ತಿದ್ದಾರೆ. ಎರಡೂ ಕಡೆ 0.5 ಅನ್ನೋ ಅಂಕಿ ಒಂದೇ. ಒಂದು ಕಡೆ ಅದು ವಿಚಾರಣೆಯನ್ನು ಮುಗಿಸುತ್ತೆ, ಇನ್ನೊಂದು ಕಡೆ ತೆರೆದಿಡುತ್ತೆ. ಮುಂದಿನ ಸಲ ನಮ್ಮ ಬಾಯಿಂದ "ಇಬ್ಬರದೂ ಸರಿ" ಅಂತ ಬಂದಾಗ, ಅದು ಇವೆರಡರಲ್ಲಿ ಯಾವುದು ಅಂತ ಕೇಳಿಕೊಂಡರೆ ಸಾಕು.